ಗಿಟಾರು ಬರುವ ಹೊತ್ತು

"ಅದನ್ನ ಬಂದ್ ಮಾಡ್ತಿಯೇನು, ಇಲ್ಲಾ ನಾನೇ ಬಂದು ವೈರ್ ಕೀಳ್ಲೇನು?"

ತಾಟಿನ ಮುಂದೆ ಕೂತಿದ್ದ ಚಂದ್ರಾಮ ಒಳಕೋಣೆಯ ಕಡೆ ಮುಖ ಮಾಡಿ ಕೂಗಿದ. ಒಳಗೆ ಮಗ ಗುರುಶಾಂತ ಹಳೆಯ ಲ್ಯಾಪ್‌ಟಾಪಿನ ಮುಂದೆ, ತೊಡೆಯ ಮೇಲೆ ಗಿಟಾರು ಇಟ್ಟುಕೊಂಡು ಕೂತಿದ್ದ. ಸ್ಪೀಕರಿನಿಂದ ಧಪ್ ಧಪ್ ಎಂಬ ಒಂದೇ ಬಡಿತ ಬಹಳ ಹೊತ್ತಿನಿಂದ ಬರುತ್ತಿತ್ತು. ಅದರ ಮೇಲೆ ದೊಡ್ಡದೊಂದು ಜೀವ ಎಲ್ಲೋ ಮಲಗಿ ಉಸಿರಾಡಿದಂಥ ಸದ್ದು.

"ಮುಗೀತಪ್ಪಾ, ಇನ್ನ ಸ್ವಲ್ಪ ಐತಿ."

"ದಿನಾ ಇದೇ ಹೇಳ್ತಿ. ಅದು ಸುರು ಆದದ್ದೂ ತಿಳಿಯಂಗಿಲ್ಲ, ಮುಗಿದದ್ದೂ ತಿಳಿಯಂಗಿಲ್ಲ. ಇಂಥಾ ಸಪ್ಪಳ ಕೇಳಾಕ ನನಗ ಫ್ಯಾಕ್ಟರ್ಯಾಗ ಪಗಾರ ಕೊಡ್ತಾರ. ಮನ್ಯಾಗ ಪುಕ್ಕಟ ಯಾಕ ಕೇಳ್ಲಿ?"

ಸಾರು ಬಡಿಸುತ್ತಿದ್ದ ಸುಗಲಮ್ಮ ನಕ್ಕಳು. ಮಗಳು ವಿಜಯಶ್ರೀ ನಗಲಿಲ್ಲ. "ಅಪ್ಪಾ, ನೀ ಒದರೋದು ಅದಕ್ಕಿಂತ ಜೋರ ಐತಿ. ಬಾಜೂ ಮನ್ಯಾವ್ರು ನಿನ್ನೆನೂ ಕೇಳಿದ್ರು, ನಿಮ್ಮ ಮನ್ಯಾಗ ಜಗಳೇನು ಅಂತ," ಎಂದಳು.

ತಾನು ಜೋರಾಗಿ ಮಾತಾಡುತ್ತೇನೆಂದು ಚಂದ್ರಾಮನಿಗೆ ಅನಿಸಿರಲೇ ಇಲ್ಲ. ಸೇಡಂ ಕಡೆಯಿಂದ ಹರೆಯದಲ್ಲಿ ಹೈದರಾಬಾದಿಗೆ ಬಂದವನು, ಉಪ್ಪಲ್‌ನ ಒಂದು ಡಬ್ಬಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಬಣ್ಣದ ಡಬ್ಬಿಗಳಿಗೆ ತಗಡಿನ ಮುಚ್ಚಳ ಹೊಡೆಯುವ ಪ್ರೆಸ್ಸಿನ ಮುಂದೆಯೇ ತಲೆ ಬೆಳ್ಳಗೆ ಮಾಡಿಕೊಂಡಿದ್ದ. ಅಲ್ಲಿ ಪಕ್ಕದವನಿಗೆ ಬೀಡಿ ಕೇಳಬೇಕಾದರೂ ಕೂಗಬೇಕು. ಆ ಕೂಗು ಮನೆಗೂ ಬಂದು ನೆಲೆಸಿತ್ತು. ಬಸ್ ಡಿಪೋದ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ವಿಜಯಶ್ರೀ ಅಮೀರ್‌ಪೇಟ್‌ನ ಒಂದು ಕೋಚಿಂಗ್ ಸೆಂಟರಿನಲ್ಲಿ ರಿಸೆಪ್ಶನ್ ಮೇಜಿನ ಕೆಲಸಕ್ಕಿದ್ದಳು. ಅವಳಿಗಿಂತ ದೊಡ್ಡವನಾದ ಗುರು ಡಿಪ್ಲೊಮಾ ಮುಗಿಸಿ, ರಾಘವೇಂದ್ರ ಎಂಬವನ ಸೌಂಡ್ ಅಂಗಡಿಯಲ್ಲಿ ಮದುವೆಗಳಿಗೆ ಸ್ಪೀಕರ್ ಹೊತ್ತು, ವೈರು ಎಳೆಯುತ್ತಿದ್ದ. ಮದುವೆಗಳಿಲ್ಲದ ತಿಂಗಳುಗಳಲ್ಲಿ ಅವನಿಗೆ ಕೆಲಸವಿಲ್ಲ. ಆಗ ಇದೇ ಗಿಟಾರು, ಇದೇ ಲ್ಯಾಪ್‌ಟಾಪು.

ಆ ಬೇಸಿಗೆಯಲ್ಲಿ ಕಾರ್ಖಾನೆಯಲ್ಲಿ ಅನಾಹುತವಾಯಿತು. ಪ್ರೆಸ್ಸಿನೊಳಗೆ ಸಿಕ್ಕಿಕೊಂಡ ಮುಚ್ಚಳವೊಂದನ್ನು ತೆಗೆಯಲು ಜೊತೆಗಾರ ಸುಬ್ಬರಾಯ ಕೈ ಹಾಕಿದ್ದ. "ಆಪು! ಆಪು!" ಎಂದು, ಪ್ರೆಸ್ಸು ನಿಲ್ಲಿಸಲು ತೆಲುಗಿನಲ್ಲಿ ಕೂಗಿದ್ದ. ಆಚೆಯ ಮಷೀನಿನವನು ಆ ಕೂಗು ಕೇಳಿ ಓಡಿಬಂದ. ಮಾರು ದೂರದಲ್ಲಿದ್ದ ಚಂದ್ರಾಮನಿಗೆ ಕೇಳಿಸಲಿಲ್ಲ. ಅವನ ಕಾಲು ಪೆಡಲ್ ಒತ್ತಿತು.

ಸುಬ್ಬರಾಯನ ಎರಡು ಬೆರಳು ಹೋದವು.

ಮ್ಯಾನೇಜರ್ ಮಹೇಶಕುಮಾರ ಚಂದ್ರಾಮನನ್ನು ಬೈಯಲಿಲ್ಲ. ಕುರ್ಚಿ ಕೊಟ್ಟು ಕೂರಿಸಿ, ಬೆನ್ನ ಹಿಂದೆ ನಿಂತು ಏನೋ ಕೇಳಿದ. ಮತ್ತೆ ಕೇಳಿದ. ಚಂದ್ರಾಮ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೇ ಇದ್ದ. ಮಹೇಶಕುಮಾರ ಎದುರಿಗೆ ಬಂದು, "ಚಂದ್ರಾಮ್ ಭಾಯ್, ಅಬ್ ಘರ್ ಪೆ ಆರಾಮ್ ಕರೋ," ಎಂದ. ಇನ್ನು ಮನೆಯಲ್ಲೇ ಇರು ಎಂಬ ಈ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ವಿಜಯಶ್ರೀ ಅರ್ಧ ದಿನ ರಜೆ ಹಾಕಿ ಅಪ್ಪನನ್ನು ಕೋಠಿಯ ಕಿವಿ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ತೆಲುಗಿನಲ್ಲಿ ಹೇಳಿದ್ದನ್ನು ಅವಳು ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು ಮತ್ತೆ ಹೇಳಿದಳು. ಮಷೀನಿನ ಸದ್ದಿನಿಂದ ಒಳಗಿನ ನರಗಳು ಸತ್ತಿವೆ. ಸಣ್ಣ, ಚೂಪು ಸದ್ದುಗಳು ಮೊದಲು ಹೋಗುತ್ತವೆ, ದಪ್ಪ ಸದ್ದುಗಳು ಉಳಿಯುತ್ತವೆ. ವಯಸ್ಸಾದಂತೆ ಇನ್ನಷ್ಟು ಹೋದೀತು. ಕಿವಿಗೆ ಯಂತ್ರ ಹಾಕಿದರೆ ಎದುರಿನವರ ಮಾತು ತಿಳಿದೀತು, ಅಷ್ಟೇ.

"ಸೀಟಿ ಹೊಡದಂಗ ಆಕ್ಕೈತಲ್ಲ, ಹಗಲೂ ರಾತ್ರಿ, ಅದಕ್ಕೇನು ಔಷಧ ಅಂತ ಕೇಳು."

ವಿಜಯಶ್ರೀ ಕೇಳಿದಳು. ಡಾಕ್ಟರಮ್ಮ ತಲೆಯಾಡಿಸಿದರು.

"ಅದಕ್ಕ ಔಷಧ ಇಲ್ಲಂತಪ್ಪಾ. ಸುಮ್ಮನ ಇದ್ದಷ್ಟು ಜಾಸ್ತಿ ಆಕ್ಕೈತಂತ. ಮನ್ಯಾಗ ಏನರ ಸಪ್ಪಳ ಹಚ್ಚಿಟ್ಟುಕೋಬೇಕಂತ."

ಮರುವಾರ ಅವನು ಸೇಬು ಕಟ್ಟಿಸಿಕೊಂಡು ಸುಬ್ಬರಾಯನ ಮನೆಗೆ ಹೋದ. ಸುಬ್ಬರಾಯ ಬ್ಯಾಂಡೇಜಿನ ಕೈ ತಲೆದಿಂಬಿನ ಮೇಲಿಟ್ಟು ಮಲಗಿದ್ದ. ಅವನ ಹೆಂಡತಿ ಬಾಗಿಲಲ್ಲೇ ನಿಂತು ಏನೋ ಅಂದಳು. ಚಂದ್ರಾಮನಿಗೆ ಅವಳ ತುಟಿ ಅಲುಗಿದ್ದು ಕಂಡಿತು, ಮಾತು ತಿಳಿಯಲಿಲ್ಲ. ಮತ್ತೊಮ್ಮೆ ಹೇಳು ಎನ್ನಲು ಧೈರ್ಯವಾಗಲಿಲ್ಲ. ಹಣ್ಣಿನ ಚೀಲವನ್ನು ಹೊಸ್ತಿಲ ಮೇಲಿಟ್ಟು ತಿರುಗಿ ಬಂದ.

ಮನೆಯಲ್ಲಿ ಕೂತವನಿಗೆ ಆ ಸೀಟಿಯೇ ಜೊತೆಗಾರನಾಯಿತು. ಒಲೆಯ ಮೇಲೆ ಕುಕ್ಕರು ಇಳಿಸುವವರಿಲ್ಲದೆ ಕೂಗುತ್ತಲೇ ಇದ್ದಂತೆ. ಟಿವಿ ಹಾಕಿದ, ಅದರ ಮಾತುಗಳು ತಿಳಿಯದೆ ಸಿಟ್ಟು ಬಂತು. ಫ್ಯಾನು ಹಾಕಿದ, ಅದಕ್ಕೆ ಸೀಟಿ ಬಗ್ಗಲಿಲ್ಲ. ದವಾಖಾನೆಯಲ್ಲಿ ಕೊಟ್ಟ ಕಿವಿಯಂತ್ರ ಹಾಕಿಕೊಂಡರೆ ಪಾತ್ರೆ ತೊಳೆಯುವ ಸದ್ದು ತಲೆಗೆ ಹೊಡೆಯುತ್ತಿತ್ತು. ಅದು ಬಹುಪಾಲು ಪೆಟ್ಟಿಗೆಯಲ್ಲೇ ಉಳಿಯಿತು.

ಒಂದು ಮಧ್ಯಾಹ್ನ ಸುಗಲಮ್ಮ ರೇಷನ್ ಅಂಗಡಿಗೆ ಹೋಗಿದ್ದಳು. ಚಂದ್ರಾಮ ಹೊರಗಿನ ಕೋಣೆಯಲ್ಲಿ ಚಾಪೆಯ ಮೇಲೆ ತೋಳು ಕಣ್ಣಿಗಡ್ಡ ಇಟ್ಟು ಬಿದ್ದುಕೊಂಡಿದ್ದ. ಒಳಗೆ ಗುರುವಿನ ಧಪ್ ಧಪ್ ಶುರುವಾಯಿತು. ಸ್ಪೀಕರು ನೆಲದ ಮೇಲಿತ್ತು, ಬಡಿತ ಚಾಪೆಯ ಕೆಳಗಿನಿಂದ ಬೆನ್ನಿಗೇ ಬಂತು. ಬೈಯಬೇಕೆಂದು ಬಾಯಿ ತೆರೆದವನು ಹಾಗೆಯೇ ಉಳಿದ. ಸೀಟಿ ಇರಲಿಲ್ಲ. ಹುಡುಕಿದ, ಎಡಗಿವಿಯಲ್ಲಿ, ಬಲಗಿವಿಯಲ್ಲಿ. ಎಲ್ಲೂ ಇರಲಿಲ್ಲ. ಮೈಯೆಲ್ಲ ಸಡಿಲಾಗಿ, ಎಷ್ಟೋ ದಿನಗಳ ಮೇಲೆ ಹಲ್ಲು ಬಿಗಿಹಿಡಿಯದೆ ಮಲಗಿದ.

ಸದ್ದು ನಿಂತಿತು. ಸೀಟಿ ಮತ್ತೆ ಬಂತು. ಚಂದ್ರಾಮ ಎದ್ದು ಹೋಗಿ ಒಳಕೋಣೆಯ ಬಾಗಿಲು ತಳ್ಳಿದ.

"ಯಾಕ ನಿಲ್ಲಿಸ್ದಿ?"

"ನೀ ಮಲಗಿದ್ದಿ, ಬೈತಿ ಅಂತ..."

"ಹಚ್ಚು ಅದನ್ನ."

ಗುರು ಅಪ್ಪನ ಮುಖ ನೋಡಿದ. ತಮಾಷೆಯೋ ಸಿಟ್ಟೋ ತಿಳಿಯಲಿಲ್ಲ.

"ಹಚ್ಚಂದ್ರ ಹಚ್ಚು. ಬಾಗಿಲಾ ತೆರದಿಡು."

ಹೀಗೆ ಶುರುವಾಯಿತು. ಮೊದಲ ದಿನಗಳಲ್ಲಿ ಚಂದ್ರಾಮನಿಗೆ ಅದು ಗುಳಿಗೆಯಿದ್ದಂತೆ. ಊಟದ ಮೇಲೆ ಒಂದು ಸಲ, ಸಂಜೆ ಒಂದು ಸಲ. ಗುರುವಿಗೆ ಅದು ಅಷ್ಟು ಇಷ್ಟವಾಗಲಿಲ್ಲ. "ನೀ ಇದನ್ನ ಝಂಡೂಬಾಮ್ ಹಚ್ಚಿಕೊಂಡಂಗ ಕೇಳ್ತಿ. ಒಳಗೇನೈತಿ ಅಂತ ಕೇಳಂಗಿಲ್ಲ," ಎಂದ ಒಂದು ದಿನ.

"ಒಳಗೇನೈತಿ? ಹಾಡರ ಐತೇನು? ಮಾತರ ಐತೇನು?"

"ಹಾಡು ಬರ್ತೈತಿ ಅಂತ ಕಾಯಬ್ಯಾಡಪ್ಪಾ. ಇದು ಮೆಲ್ಲಕ ಮುಂದಕ್ಕ ಹೋಗೋದು. ಪ್ರೊಗ್ರೆಸಿವ್ ಅಂತಾರ. ಒಂದು ಸದ್ದಿನ ಮ್ಯಾಲ ಇನ್ನೊಂದು, ಅದರ ಮ್ಯಾಲ ಮತ್ತೊಂದು. ಯಾವುದು ಯಾವಾಗ ಬಂತು ಅಂತ ನೋಡ್ತಾ ಹೋಗು, ಅಷ್ಟೇ." ತನ್ನ ಹೆಡ್‌ಫೋನು ತೆಗೆದು ಅಪ್ಪನ ತಲೆಗೆ ತೊಡಿಸಿದ.

ಆ ಸಂಜೆ ಚಂದ್ರಾಮ ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದ. ಬಡಿತ ಬಂತು. ಅದು ಅವನಿಗೆ ಗೊತ್ತಿದ್ದದ್ದೇ. ಬಡಿತದ ಸಂದಿಯಲ್ಲಿ ಇನ್ನೊಂದು ಸಣ್ಣ ಬಡಿತ ಸೇರಿಕೊಂಡಿತು. ಯಾವಾಗ ಸೇರಿತೆಂದು ತಿಳಿಯಲಿಲ್ಲ. ಆಮೇಲೆ ನೀರು ಮೆಟ್ಟಿಲೇರಿದಂತೆ ಒಂದು ಸದ್ದು ಏರಿತು, ಏರಿ ಅಲ್ಲೇ ನಿಂತಿತು. ಹುಡುಗನಿದ್ದಾಗ ಊರಿನ ಮಠದಲ್ಲಿ ಭಜನೆಯವರು ಒಂದೇ ಸಾಲನ್ನು ಹಿಡಿದು, ಬಿಡದೆ ತಿರುಗಿಸಿ ತಿರುಗಿಸಿ ಹಾಡುತ್ತಿದ್ದಾಗ ತಾಳದವನ ಕೈ ತಾನಾಗಿಯೇ ಚುರುಕಾಗುತ್ತಿದ್ದದ್ದು ನೆನಪಾಯಿತು. ಎಲ್ಲ ಸದ್ದುಗಳೂ ತುಂಬಿಬಂದು ಇನ್ನೇನು ಬೇಕು ಎನ್ನುವಾಗ ಬಡಿತ ಒಮ್ಮೆಲೇ ನಿಂತಿತು. ಆ ಬಯಲಿನೊಳಗೆ ಗಿಟಾರಿನ ಒಂದೇ ತಂತಿ, ಒಂದೇ ಉದ್ದನೆಯ ಸ್ವರ, ಬಾಗುತ್ತ ಮೇಲಕ್ಕೆ ಹೋಯಿತು.

ಚಂದ್ರಾಮ ಕಣ್ಣು ತೆರೆದ. ಗುರು ಅವನನ್ನೇ ನೋಡುತ್ತಿದ್ದ.

"ಇದು ನೀ ಬಾರಿಸಿದ್ದೇನು?"

"ಹೂಂ."

"ಇಷ್ಟೊತ್ತು ಯಾಕ ಕಾಯಿಸ್ದಿ?"

"ಕಾಯ್ದಿ ಅಂತನ ಅದು ಕೇಳಿಸ್ತು."

ಆಮೇಲೆ ಚಂದ್ರಾಮ ಸೀಟಿ ಅಡಗಲೆಂದು ಕೇಳಲಿಲ್ಲ. ಗಿಟಾರು ಬರುವ ಹೊತ್ತಿಗಾಗಿ ಕೇಳಿದ. ಗುರು ಫೋನಿನಲ್ಲಿ ಬೇರೆ ದೇಶದವರು ಬಾರಿಸಿದ್ದನ್ನೂ ಹುಡುಕಿ ಹಾಕಿಕೊಟ್ಟ. ತಾನು ಹುಟ್ಟುವ ಮೊದಲೇ ಜರ್ಮನಿಯವರು ಇಷ್ಟಿಷ್ಟು ದೊಡ್ಡ ಯಂತ್ರಗಳನ್ನು ಕೋಣೆಯ ತುಂಬ ಇಟ್ಟುಕೊಂಡು ಮಾಡುತ್ತಿದ್ದರು ಎಂದು ಕೈಯಗಲಿಸಿ ತೋರಿಸಿದ. ಚಂದ್ರಾಮ ಕೆಲವನ್ನು ಮೆಚ್ಚಿದ, ಕೆಲವು ಸೇರಲಿಲ್ಲ. ಶುರುವಿಗೇ ಗಿಟಾರು ನುಗ್ಗಿಬರುವುದೊಂದನ್ನು ಕೇಳಿ, "ಇವ ಮದಿವಿಗಿ ಬಂದು ಅಕ್ಕಿಕಾಳು ಹಾಕದ ಸೀದಾ ಊಟಕ್ಕ ಕುಂತಾನ ನೋಡು," ಎಂದ. ಗುರು ಬಿದ್ದು ಬಿದ್ದು ನಕ್ಕ. ತಂದೆ ಮಗ ಕೂಡಿ ನಕ್ಕದ್ದನ್ನು ಆ ಮನೆಯ ಗೋಡೆಗಳು ಬಹಳ ವರ್ಷ ಕೇಳಿರಲಿಲ್ಲ.

ಸುಗಲಮ್ಮನಿಗೆ ಮಾತ್ರ ನಗು ಬರಲಿಲ್ಲ. ಗಂಡನ ಪಗಾರ ನಿಂತಮೇಲೆ ಅವಳು ಜೋಳದ ರೊಟ್ಟಿ ಬಡಿದು ಮಾರಲು ಹಿಡಿದಿದ್ದಳು. ಅಮೀರ್‌ಪೇಟ್‌ನ ಹಾಸ್ಟೆಲುಗಳಲ್ಲಿ ಕಲಬುರಗಿ, ರಾಯಚೂರು ಕಡೆಯ ಹುಡುಗರು ಬೇಕಾದಷ್ಟು ಇದ್ದರು. ವಿಜಯಶ್ರೀ ಬೆಳಿಗ್ಗೆ ರೊಟ್ಟಿಯ ಚೀಲ ಹಿಡಿದು ಮೆಟ್ರೊ ಹತ್ತುತ್ತಿದ್ದಳು. ಹಾಲು ಅರ್ಧಕ್ಕೆ ಇಳಿಯಿತು, ಬೇಳೆ ನೀರಾಯಿತು. ನಸುಕಿಗೆ ಎದ್ದ ಸುಗಲಮ್ಮ ಬಿಸಿಲೇರುವತನಕ ತವೆಯ ಮುಂದಿನಿಂದ ಏಳುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಅವಳ ಬಲಭುಜ ಮೇಲೆತ್ತಲು ಬಾರದಂತಾಯಿತು. ತಲೆ ಬಾಚಿಕೊಳ್ಳಲು ಮಗಳನ್ನು ಕರೆಯಬೇಕಾಯಿತು.

ಅದೇ ಹೊತ್ತಿಗೆ ಮಹೇಶಕುಮಾರ ಹೇಳಿಕಳಿಸಿದ: ಚಂದ್ರಾಮನ ಜಾಗಕ್ಕೆ ಮಗ ಬರುವುದಾದರೆ ಬರಲಿ.

ಸುಗಲಮ್ಮ ಊಟಕ್ಕೆ ಬಡಿಸುತ್ತ ಆ ಮಾತು ತೆಗೆದಳು. "ಸೋಮವಾರದಿಂದ ಹೋಗು ಗುರು. ತಿಂಗಳಾ ತಿಂಗಳಾ ಪಗಾರ."

"ಬ್ಯಾಡ," ಎಂದ ಚಂದ್ರಾಮ.

"ಯಾಕ್ರಿ ಬ್ಯಾಡ?"

"ನನ್ನ ಕಿವಿ ಹೋದದ್ದು ಸಾಕು."

"ನಿಮ್ಮ ಕಿವಿ ಸಲುವಾಗಿ ನನ್ನ ಕೈ ಹೋಗ್ಲೇನು?" ಸುಗಲಮ್ಮ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. "ಅವಗ ಅದು ಬೇಕು ಅಂತ ಸುಮ್ಮನಿದ್ದೆ. ಈಗ ನಿಮಗೂ ಬೇಕಾತು. ತಂದಿ ಮಗ ಇಬ್ಬರೂ ತಲಿಗಿ ಹೆಡ್‌ಫೋನ್ ಹಾಕ್ಕೊಂಡು ಕುಂದ್ರತೀರಿ. ನಾ ತವಾ ಮುಂದ ಕುಂದರತೀನಿ. ನನಗ್ಯಾರು ಹೆಡ್‌ಫೋನ್ ತಂದು ಕೊಟ್ಟಾರು?"

"ಅವ್ವ ಹೇಳೋದು ಖರೇ ಐತಿ," ಎಂದಳು ವಿಜಯಶ್ರೀ, ತಾಟಿನಿಂದ ತಲೆಯೆತ್ತದೆ. "ದಿನಾ ಮೆಟ್ರೋದಾಗ ಮಂದಿ ನನ್ನ ಚೀಲದ ವಾಸ್ನಿಗೆ ಮುಖ ತಿರುವತಾರ. ನಾ ಏನರ ಅಂದೀನೇನು?"

ಗುರು ಎದ್ದು ಕೈ ತೊಳೆದು ಬಂದ. "ಹೋಗ್ತೀನಿ ಬಿಡವ್ವಾ," ಎಂದ. "ಕಿವಿಗಿ ಬಿರಡಿ ಹಾಕ್ಕೊಂಡು ಹೋಗ್ತೀನಿ. ಅಪ್ಪನ ಕಾಲದಾಗ ಅವು ಯಾರಿಗೂ ಗೊತ್ತಿದ್ದಿಲ್ಲ."

ರಬ್ಬರಿನ ಬಿರಡೆಗಳನ್ನು ಅವನು ಮೊದಲ ವಾರವೇ ಕಿಸೆಗೆ ಹಾಕಿಕೊಳ್ಳಬೇಕಾಯಿತು. ಸುಬ್ಬರಾಯನ ಬೆರಳು ಹೋದಮೇಲೆ ಪ್ರೆಸ್ಸಿನ ಮುಂದೆ ಯಾರೂ ಕಿವಿಯಲ್ಲಿ ಏನೂ ಇಡಬಾರದೆಂದು ಮಹೇಶಕುಮಾರ ಹುಕುಂ ಮಾಡಿದ್ದ. ಕೂಗಿದರೆ ಕೇಳಿಸಬೇಕು. ನಿನ್ನ ಅಪ್ಪನಿಗೆ ಕೇಳಿಸದ್ದಕ್ಕೇ ಅಲ್ಲವೇ ಇಷ್ಟಾದದ್ದು, ಎಂದನಂತೆ. ಚಂದ್ರಾಮ ಹತ್ತಿ ಹೊಸೆದು ಕೊಟ್ಟು, ಒಳಗೆ ಆಳಕ್ಕೆ ಇಟ್ಟುಕೋ, ಕಾಣುವುದಿಲ್ಲ ಎಂದು ಹೇಳಿಕಳಿಸುತ್ತಿದ್ದ. ಹತ್ತಿಯಿಂದ ಏನೂ ಆಗದೆಂದು ಅವನಿಗೂ ಗೊತ್ತಿತ್ತು.

ಮನೆಗೆ ಹಾಲು ಮರಳಿತು. ಸುಗಲಮ್ಮ ರೊಟ್ಟಿ ಕಡಿಮೆ ಮಾಡಿ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಂಡಳು. ಗುರು ಸಂಜೆ ಬಂದು, ಊಟ ಮಾಡಿ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಲ್ಯಾಪ್‌ಟಾಪಿನ ಮೇಲೆ ಧೂಳು ಕೂತಿತು. ಚಂದ್ರಾಮ ಹಳೆಯದನ್ನೇ ಫೋನಿನಲ್ಲಿ ಹಾಕಿಕೊಂಡು ಕೇಳುತ್ತಿದ್ದ. ದಿನ ಕಳೆದಂತೆ ಅದರೊಳಗಿನ ಗಿಟಾರು ತೆಳ್ಳಗಾಗುತ್ತ ಹೋದಂತೆ ಅನಿಸಿತು. ಹೆಡ್‌ಫೋನು ಕೆಟ್ಟಿದೆಯೇನೋ ಎಂದು ತಂತಿ ಜಗ್ಗಿ ನೋಡಿದ. ಹೆಡ್‌ಫೋನು ಚೆನ್ನಾಗಿಯೇ ಇತ್ತು.

ಮಳೆಗಾಲ ಮುಗಿದು ದಸರೆಯ ಸೂಟಿ ಬಂತು. ಭಾನುವಾರ ಮಧ್ಯಾಹ್ನ ಗುರು ತಾನಾಗಿಯೇ ಲ್ಯಾಪ್‌ಟಾಪು ಒರೆಸಿ ಕೂತ. "ಹೊಸಾದು ಒಂದು ತಲ್ಯಾಗ ಐತಪ್ಪಾ. ಇಂಟರ್‌ನೆಟ್ಟಿಗಿ ಹಾಕಬೇಕು," ಎಂದ. ಎರಡು ಮೂರು ಭಾನುವಾರ ಅದಕ್ಕೇ ಹೋದವು. ಕೊನೆಗೆ ಒಂದು ದಿನ ಎಲ್ಲರನ್ನೂ ಕರೆದು ಸ್ಪೀಕರಿನಲ್ಲಿ ಹಾಕಿದ.

ಚಂದ್ರಾಮ ಮಗನ ಪಕ್ಕದಲ್ಲೇ ಕೂತ. ಬಡಿತ ಬಂತು, ಏರುವ ಸದ್ದುಗಳು ಬಂದವು. ಎಲ್ಲ ತುಂಬಿ ನಿಂತು, ಬಯಲಾಯಿತು. ಆಗ ಗಿಟಾರು ಬಂತು. ಎಷ್ಟು ಸ್ಪಷ್ಟವಾಗಿ! ತಂತಿಯ ಮೇಲೆ ಬೆರಳು ಜಾರಿದ್ದೂ ಕೇಳಿಸಿತು. ತಿಂಗಳುಗಳಿಂದ ಕೈತಪ್ಪಿ ಹೋಗಿದ್ದದ್ದು ಮತ್ತೆ ಸಿಕ್ಕಂತೆ ಅವನ ಕಣ್ಣು ತುಂಬಿದವು. "ಭಲೇ ಮಗನ!" ಎಂದ.

ತಿರುಗಿ ನೋಡಿದರೆ ವಿಜಯಶ್ರೀ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಅಡುಗೆಮೂಲೆಯಲ್ಲಿದ್ದ ಸುಗಲಮ್ಮ ಮುಖ ಕಿವುಚಿಕೊಂಡು ಏನೋ ಹೇಳುತ್ತಿದ್ದಳು.

"ಏ ಅಣ್ಣಾ, ಇಳಸೋ! ಸೂಜಿ ಚುಚ್ಚಿದಂಗ ಆಗಾಕತ್ತೈತಿ."

"ಎಲ್ಲಿ? ಬರೋಬರಿ ಐತಲ್ಲ," ಎಂದ ಗುರು. ಅವನ ಮುಖದಲ್ಲಿ ನಿಜವಾಗಿಯೂ ಆಶ್ಚರ್ಯವಿತ್ತು. "ಅಪ್ಪಾ, ಬರೋಬರಿ ಇಲ್ಲೇನು?"

ಚಂದ್ರಾಮ ಮಗನ ಹೆಗಲಿನ ಮೇಲಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ತನ್ನಂಥ ಕಿವಿಗೆ ಇದು ಚೆನ್ನಾಗಿ ಕೇಳಿಸಿತು. ಮಗನ ಕಿವಿಗೂ ಇದು ಸರಿಯಾಗಿ ಕೇಳಿಸುತ್ತಿದೆ. ಉಳಿದವರು ಕಿವಿ ಮುಚ್ಚಿಕೊಂಡಿದ್ದಾರೆ.

"ಯಾಕ್ರಿ, ಏನಾತು?" ಸುಗಲಮ್ಮ ಹಿಟ್ಟಿನ ಕೈಯಲ್ಲೇ ಹತ್ತಿರ ಬಂದಳು.

"ನಿನಗ ಭಾಳ ಜೋರ ಕೇಳಿಸ್ತೇನು?"

"ಕಿವಿ ಹರಿದಂಗ ಆತು."

"ನನಗ ಛಲೋ ಕೇಳಿಸ್ತು," ಎಂದ ಚಂದ್ರಾಮ. "ಅವಗೂ ಛಲೋ ಕೇಳಿಸ್ತು."

ಸುಗಲಮ್ಮ ಗಂಡನ ಮುಖ ನೋಡಿದಳು, ಮಗನ ಮುಖ ನೋಡಿದಳು. ನಿಧಾನಕ್ಕೆ ಗೋಡೆ ಹಿಡಿದು ನೆಲಕ್ಕೆ ಕೂತಳು.

"ಸೀಟಿ ಹೊಡೀತೈತೇನೋ?" ಚಂದ್ರಾಮ ಮಗನನ್ನು ಕೇಳಿದ.

ಗುರು ಗಿಟಾರಿನ ಕಿವಿ ತಿರುವುತ್ತ ಕೂತ. "ಪಾಳಿ ಮುಗಿಸಿ ಬಂದಾಗ ಹೊಡೀತೈತಿ," ಎಂದ. "ಮೊದಲ ಮುಂಜಾನಿ ಅನ್ನೋದ್ರಾಗ ನಿಲ್ಲತಿತ್ತು. ಈಗ ನಿಲ್ಲವಲ್ದು."

"ಯಾಕ ಹೇಳಲಿಲ್ಲ?"

"ಹೇಳಿ ಏನ್ ಮಾಡೋದೈತಪ್ಪಾ? ಅವ್ವನ ಭುಜ ಈಗರ ಸ್ವಲ್ಪ ಸುಧಾರಿಸಾಕತ್ತೈತಿ."

ಸುಗಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಹಿಟ್ಟೆಲ್ಲ ಸೆರಗಿಗೆ ಮೆತ್ತಿತು.

ಮರುದಿನ ಅವಳು ಮಗನ ಊಟದ ಡಬ್ಬಿ ಕಟ್ಟಲಿಲ್ಲ. ಚಂದ್ರಾಮ ಮಗನನ್ನು ಕಾರ್ಖಾನೆಯ ಹಾದಿ ತಪ್ಪಿಸಿ ಕೋಠಿಯ ಬಸ್ಸು ಹತ್ತಿಸಿದ. ದವಾಖಾನೆಯಲ್ಲಿ ಗಾಜಿನ ಕೋಣೆಯೊಳಗೆ ಗುರುವನ್ನು ಕೂರಿಸಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಹೊರಗೆ ನಿಂತ ಚಂದ್ರಾಮ ಮಗನ ಹೆಬ್ಬೆರಳನ್ನೇ ನೋಡುತ್ತಿದ್ದ. ಮೊದಮೊದಲು ಹೆಬ್ಬೆರಳು ಚುರುಕಾಗಿ ಒತ್ತಿತು. ಆಮೇಲೆ ಪರೀಕ್ಷೆ ಮಾಡುವ ಹುಡುಗಿ ಸದ್ದು ಹೆಚ್ಚಿಸುವ ಗುಬುಟು ತಿರುವಿದಳು, ಗಾಜಿನೊಳಗೆ ನೋಡಿದಳು, ಮತ್ತಷ್ಟು ತಿರುವಿದಳು. ಹೆಬ್ಬೆರಳು ಅಲುಗಲಿಲ್ಲ. ಗುರು ಕಣ್ಣು ಮುಚ್ಚಿ ಎಲ್ಲ ಲಕ್ಷ್ಯ ಕೊಟ್ಟು ಕೂತಿದ್ದ, ಪಾಪ, ಇನ್ನೂ ಸದ್ದು ಬಂದೇ ಇಲ್ಲವೆಂದುಕೊಂಡು.

"ಹೋದದ್ದು ಬರುವುದಿಲ್ಲ," ಎಂದರು ಡಾಕ್ಟರಮ್ಮ. "ಇವತ್ತೇ ಬಿಟ್ಟರೆ ಉಳಿದದ್ದು ಉಳಿಯುತ್ತದೆ. ಇಲ್ಲವಾದರೆ ನಿಮ್ಮ ವಯಸ್ಸಿಗೆ ಬರುವ ಮೊದಲೇ ನಿಮ್ಮಂತೆ."

ಚಂದ್ರಾಮ ಅಲ್ಲಿಂದ ಸೀದಾ ಕಾರ್ಖಾನೆಗೆ ಹೋದ. ಮಗನ ಗೇಟ್ ಕಾರ್ಡನ್ನು ಮಹೇಶಕುಮಾರನ ಮೇಜಿನ ಮೇಲಿಟ್ಟ. ಮಹೇಶಕುಮಾರ ಹಿಂದಿಯಲ್ಲಿ ಬಹಳ ಮಾತಾಡಿದ. ಚಂದ್ರಾಮ ಕಿವಿಯಂತ್ರ ಹಾಕಿಕೊಂಡು ಹೋಗಿರಲಿಲ್ಲ. ಅವನ ಮಾತು ಮುಗಿಯುವತನಕ ನಿಂತಿದ್ದು, ಹೊರಗೆ ಬಂದ.

ಮನೆಯ ಹಾಲು ಮತ್ತೆ ಅರ್ಧಕ್ಕೆ ಇಳಿಯಿತು. ಗುರುವಿಗೆ ಕೋಠಿಯ ಒಂದು ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿತು. ಪಗಾರ ಕಡಿಮೆ, ಸದ್ದೂ ಕಡಿಮೆ. ರೊಟ್ಟಿಯ ಚೀಲ ಮತ್ತೆ ದೊಡ್ಡದಾಯಿತು. ಈ ಸಲ ಹಿಟ್ಟು ನಾದಿ, ಬಡಿಯಲು ಚಂದ್ರಾಮನೇ ಕೂತ. ಸುಗಲಮ್ಮ ಎಡಗೈಯಲ್ಲಿ ಬೇಯಿಸಿದಳು. "ಮುಚ್ಚಳ ಹೊಡದಂಗ ಹೊಡೀಬ್ಯಾಡ್ರಿ, ಹರೀತೈತಿ," ಎಂದು ದಿನಾ ಬೈದಳು. ಅವನ ರೊಟ್ಟಿಗಳು ಬಹಳ ದಿನ ಹರಿದವು. ಹರಿದದ್ದನ್ನು ಮನೆಯವರು ತಿಂದರು. ಅವಳ ಭುಜ ಮೊದಲಿನಂತಾಗಲಿಲ್ಲ. ಮಗನನ್ನು ಕಾರ್ಖಾನೆಗೆ ಕಳಿಸಿದವಳು ತಾನೇ ಎಂಬ ಮಾತನ್ನು ಅವಳು ಯಾರ ಮುಂದೆಯೂ ಆಡಲಿಲ್ಲ. ಗುರು ಬಂದ ಹೊತ್ತಿಗೆ ಊಟ ಬಡಿಸಿ, ಅವನ ಎದುರಿಗೆ ಕೂರದೆ ಎದ್ದುಹೋಗುವುದನ್ನು ರೂಢಿ ಮಾಡಿಕೊಂಡಳು.

ಗುರು ಆ ಹೊಸದನ್ನು ತಿಂಗಳತನಕ ಮುಟ್ಟಲಿಲ್ಲ. ತನ್ನ ಕಿವಿಯನ್ನು ತಾನೇ ನಂಬುವುದು ಅವನಿಗೆ ಆಗುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ವಿಜಯಶ್ರೀಯೇ ಅಣ್ಣನ ಪಕ್ಕದಲ್ಲಿ ಬಂದು ಕೂತಳು. "ಹಚ್ಚು. ನಾ ಹೇಳ್ತೀನಿ ಎಷ್ಟಿರಬೇಕು ಅಂತ. ನನಗ ಈ ಸಂಗೀತ ತಿಳಿಯಂಗಿಲ್ಲ, ಖರೇ, ಆದ್ರ ಕಿವಿ ನೆಟ್ಟಗದಾವು," ಎಂದಳು. ಚಂದ್ರಾಮ ರೊಟ್ಟಿಯ ಕೈ ಒರೆಸಿಕೊಂಡು ಬಾಗಿಲಲ್ಲಿ ಕೂತ. ಸುಗಲಮ್ಮ ಒಲೆ ಆರಿಸಿ, ಅಲ್ಲಿಂದಲೇ ಇತ್ತ ಮುಖ ಮಾಡಿದಳು.

ಬಡಿತ ನಿಂತು ಗಿಟಾರು ಬಂತು.

"ಚುಚ್ಚಾಕತ್ತೈತಿ. ಇಳಸು," ಎಂದಳು ವಿಜಯಶ್ರೀ.

ಗುರು ಇಳಿಸಿ, ಹಿಂದಕ್ಕೆ ಹೋಗಿ ಮತ್ತೆ ಹಾಕಿದ.

"ಇನ್ನೂ ಇಳಸು."

ಚಂದ್ರಾಮನಿಗೆ ಗಿಟಾರು ದೂರ ಸರಿದದ್ದು ಕೇಳಿಸಿತು. ಮತ್ತೊಮ್ಮೆ ಇಳಿಸಿದಾಗ ಅದು ಎಳೆಯಾಯಿತು. ಆ ಎಳೆಯನ್ನು ಹಿಡಿಯಲು ಅವನು ತಲೆ ಮುಂದೆ ಚಾಚಿದ.

"ಇಷ್ಟು ಇಳಿಸಿದ್ರ ನನಗ ಅರ್ಧಂಬರ್ಧ ಕೇಳಸ್ತೈತಿ," ಎಂದ ಗುರು.

"ನಿನಗ ಹಂಗ. ಇನ್ನೊಂದಿಷ್ಟು... ಹಾಂ. ಈಗ ಬರೋಬರಿ. ಈಗ ಚಂದ ಐತಿ ಅಣ್ಣಾ." ಅವಳ ದನಿ ಸಣ್ಣಗಾಯಿತು. ಆ ಸಂಗೀತವನ್ನು ಅವಳು ಚಂದ ಎಂದದ್ದು ಅದೇ ಮೊದಲು. ಸುಗಲಮ್ಮನೂ ಒಲೆಯ ಬಳಿಯಿಂದ ತಲೆಯಾಡಿಸಿದಳು.

ಚಂದ್ರಾಮನ ಕಿವಿಯಲ್ಲಿ ಸೀಟಿ ಮಾತ್ರ ಉಳಿದಿತ್ತು. ಗುರು ಅವನ ಕಡೆ ತಿರುಗಿದ.

"ಅಪ್ಪಾ, ನಿನಗ?"

"ನನಗ ಕೇಳಸವಲ್ದು," ಎಂದ ಚಂದ್ರಾಮ. "ಅಂದ್ರ ಬರೋಬರಿ ಐತಿ. ಹಂಗೇ ಇಡು."